ಬಾಸ್ ಡಬ್ಬಾ ಮತ್ತು ಅವ್ವನ ಮಂಚದ ಮೇಲಿನ ಫರ್ಸಿ

ನಮ್ಮ ಅವ್ವ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಾಳೆ, ಆಮೇಲೆ ಚಪ್ಪಲಿ ಬಿಡುತ್ತಾಳೆ. ಶಹಾಬಾದಿನಲ್ಲಿ ನಮ್ಮಂಥವರ ಮನೆಯ ನೆಲ ಫರ್ಸಿ ಕಲ್ಲಿನದು, ಗೋಡೆ ಫರ್ಸಿಯದು, ಮಾಳಿಗೆಯೂ ಫರ್ಸಿಯದೇ. ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆಗಳನ್ನು ಇಟ್ಟು, ಅವುಗಳ ಮೇಲೆ ಮೂರು ನಾಲ್ಕು ಅಡಿಯ ಚಪ್ಪಡಿಗಳನ್ನು ಸಾಲಾಗಿ ಹಾಸಿ, ಮೇಲೆ ಮಣ್ಣು ಬಡಿದರೆ ಮಾಳಿಗೆ ಆಯಿತು. ಬೇರೆ ಊರಿನವರು ನಮ್ಮ ಕಲ್ಲನ್ನು ಕಾಲ ಕೆಳಗೆ ಹಾಸಿಕೊಳ್ಳುತ್ತಾರೆ. ನಾವು ತಲೆಯ ಮೇಲೆ ಇಟ್ಟುಕೊಂಡು ಮಲಗುತ್ತೇವೆ.

ಅವ್ವ ಮದುವೆಯಾಗಿ ಬಂದ ಮೇಲೆ ಹದಿನಾಲ್ಕು ವರ್ಷ ಖಣಿಯಲ್ಲಿ ಕಲ್ಲು ಹೊತ್ತವಳು. ಅವಳ ತಮ್ಮ, ನನ್ನ ಸೋದರಮಾವ, ಅಲ್ಲೇ ಒಂದು ಚಪ್ಪಡಿಯ ಕೆಳಗೆ ಎಡಗಾಲು ಕಳೆದುಕೊಂಡ. ಆಗ ಅವಳು ಎರಡು ಮಾರು ದೂರದಲ್ಲಿ ಬುಟ್ಟಿ ತುಂಬುತ್ತಿದ್ದಳು. ಅಂದಿನಿಂದ ಅವಳು ಮಲಗುವುದು ಹೊರಬಾಗಿಲ ಪಕ್ಕದಲ್ಲಿ. ಚಳಿಯಾಗಲಿ ಮಳೆಯಾಗಲಿ, ಕಾಲು ಹೊಸ್ತಿಲ ಕಡೆ ಇರಬೇಕು. ಎದ್ದರೆ ಒಂದೇ ಹೆಜ್ಜೆಗೆ ಹೊರಗೆ ಬೀಳುವ ಹಾಗೆ.

ಆ ಜಾಗದಿಂದ ಅವಳನ್ನು ಎಬ್ಬಿಸಿದವನು ನಾನು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕಲ್ಲು ಕೊರೆಯುವ ಮಷಿನ್ನಿನ ಮುಂದೆ ನಿಂತು ಎರಡೂ ಕಿವಿ ಅರ್ಧಕ್ಕೆ ಇಳಿಸಿಕೊಂಡ. ಆ ದುಡಿಮೆಯಲ್ಲಿ ನಾನು ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ವಾಡಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನನ್ನ ಪದವಿ ಪತ್ರ ಕಟ್ಟು ಹಾಕಿಸಿಕೊಂಡು ಹೊರಕೋಣೆಯ ಗೋಡೆಯ ಮೇಲಿದೆ. ದೇವರ ಫೋಟೋಗಿಂತ ಒಂದು ಗೇಣು ಎತ್ತರದಲ್ಲಿ. ಅದನ್ನು ಅಲ್ಲಿ ನೇತು ಹಾಕಿದವನು ಅಪ್ಪ.

ಗಿಟಾರು ಕಲಿತದ್ದು ಕಲಬುರಗಿಯ ಹಾಸ್ಟೆಲಿನಲ್ಲಿ. ಅದೂ ಎಲ್ಲರೂ ಬಾರಿಸುವ ಆರು ತಂತಿಯದಲ್ಲ, ನಾಲ್ಕು ದಪ್ಪ ತಂತಿಯ ಬಾಸ್ ಗಿಟಾರು. ಮದುವೆಯ ಆರ್ಕೆಸ್ಟ್ರಾದಲ್ಲಿ ಅದನ್ನು ಬಾರಿಸುವವನ ಕಡೆ ಯಾರೂ ನೋಡುವುದಿಲ್ಲ, ನಿಲ್ಲಿಸಿದರೆ ಮಾತ್ರ ಏನೋ ಹೋಯಿತಲ್ಲ ಎಂದು ತಿರುಗಿ ನೋಡುತ್ತಾರೆ. ಚಿತ್ತಾಪುರದ ಒಂದು ಆರ್ಕೆಸ್ಟ್ರಾದವರು ರಜಾದಿನಗಳಲ್ಲಿ ನನ್ನನ್ನು ಕರೆಯುತ್ತಿದ್ದರು. ಕಳೆದ ವರ್ಷ ಅದರ ಮಾಲೀಕರು, ಆಷಾಢ ಕಳೆದ ಮೇಲೆ ಚಿಂಚೋಳಿಯಲ್ಲಿ ದೊಡ್ಡ ಮದುವೆಯಿದೆ, ನಿಮ್ಮ ಬಾಸಿಗೆ ನೀವೇ ಸ್ಪೀಕರ್ ತರಬೇಕು ಎಂದರು. ಕೊಳ್ಳುವ ಬದಲು ನಾನೇ ಕಟ್ಟುತ್ತೇನೆ ಎಂದೆ. ವಿಜ್ಞಾನದ ಮಾಸ್ತರ ಒಂದು ಪೆಟ್ಟಿಗೆ ಕಟ್ಟಲಾರನೇ.

ಸೇಡಂನಲ್ಲಿ ಸೌಂಡ್ ಸರ್ವಿಸ್ ನಡೆಸುವ ಚಾಚಾ ಒಬ್ಬರು ಹದಿನೈದು ಇಂಚಿನ ಹಳೆಯ ಸ್ಪೀಕರ್ ಕೊಟ್ಟರು. ಅದರ ಕಾಗದದ ಪರದೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ತೋರಿಸಿದರು.

“ಇದರಾಗ ಜಾನ್ ಅದ ಮಾಸ್ತರ. ಖರೆ, ಇದು ಬರೇ ನಾಲಿಗಿ. ಬಾಯಿ ನೀವು ಕಟ್ಟಬೇಕು. ಡಬ್ಬಾ ಗಟ್ಟಿ ಇದ್ರ ಹಾಡ್ತದ, ಸಡ್ಲ ಇದ್ರ ಒದರ್ತದ.”

“ಲೆಕ್ಕಾ ಹಾಕೀನ್ರಿ ಚಾಚಾ. ಒಳಗ ಎಷ್ಟು ಗಾಳಿ ಇರಬೇಕು, ತೂತು ಎಷ್ಟು ದೊಡ್ಡದಿರಬೇಕು, ಎಲ್ಲಾ ಬರದೀನಿ.”

“ಬರೀರಿ, ಬರೀರಿ. ಬರದದ್ದು ಒದರಂಗಿಲ್ಲ,” ಎಂದು ನಕ್ಕು ಸ್ಪೀಕರನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟರು.

ಪ್ಲೈವುಡ್ ಹಲಗೆಗಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ. ಅಪ್ಪ ಎರಡು ದಿನ ದೂರ ನಿಂತು ನೋಡಿದ. ಮೂರನೇ ದಿನ ಮೊಳೆ ಮತ್ತು ದಾರ ಹಿಡಿದು ಬಂದು, ಚಪ್ಪಡಿಯ ಮೇಲೆ ಗುಂಡನೆಯ ಗೆರೆ ಎಳೆಯುವ ಹಾಗೆಯೇ ಹಲಗೆಯ ಮೇಲೆ ಸ್ಪೀಕರಿನ ಗುಂಡು ಎಳೆದ. ಒಂದು ಸೂತಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಸಂದುಗಳಿಗೆ ಅಂಟು ತುಂಬಿದೆವು. ಹೊಲಕ್ಕೆ ನೀರು ಹಾಯಿಸುವ ಪೈಪಿನ ತುಂಡೊಂದನ್ನು ಗಾಳಿ ಹೊರಡುವ ತೂತಿಗೆ ಕೂರಿಸಿದೆ. ಒಳಗೆ ಹಳೆಯ ಗಾದಿಯ ಹತ್ತಿ ಬಡಿದೆ. ಡಬ್ಬಾ ಅಲುಗಬಾರದು ಎಂದು ಅಪ್ಪ ಒಂದು ಸಣ್ಣ ಫರ್ಸಿಯನ್ನು ಅಳತೆಗೆ ಕೊರೆದು ತಳದಲ್ಲಿ ಕೂರಿಸಿದ. ಪ್ಲೈವುಡ್ಡಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ.

ಕಟ್ಟಿ ಮುಗಿದ ಮೇಲೆ ಒಳಗಿನ ನಡುಮನೆಗೆ ತಳ್ಳಲು ಹೋದೆವು. ನಡುಬಾಗಿಲಲ್ಲಿ ಹಿಡಿಯಲಿಲ್ಲ. ಯಾವ ಕಡೆ ತಿರುಗಿಸಿದರೂ ಎರಡು ಇಂಚು ಹೆಚ್ಚು.

“ಗಾಳಿ ಅಳದಿ, ತೂತು ಅಳದಿ,” ಎಂದ ಅಪ್ಪ. “ಬಾಗಲಾ ಅಳೀಲಿಲ್ಲಲ್ಲೋ ಬಿ.ಎಸ್ಸಿ.”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ನಗು ಬೇಗ ನಿಂತಿತು, ಯಾಕೆಂದರೆ ಇಷ್ಟು ದೊಡ್ಡ ಪೆಟ್ಟಿಗೆ ಇರಿಸಲು ಹೊರಕೋಣೆಯಲ್ಲಿ ಇದ್ದ ಜಾಗ ಒಂದೇ. ಬಾಗಿಲ ಪಕ್ಕ, ಅವಳು ಮಲಗುವ ಜಾಗ.

“ಒಂದ್ ತಿಂಗಳ ಮಾತು,” ಎಂದೆ. “ಚಿಂಚೋಳಿ ಪ್ರೋಗ್ರಾಂ ಮುಗದ ಮ್ಯಾಲ ಚಾಚಾನ ಅಂಗಡ್ಯಾಗ ಇಡ್ತೀನಿ. ಅಲ್ಲೀತನಕ ನಡುಮನಿಯಾಗ ಮಂಚದ ಮ್ಯಾಲ ಮಲಗು. ಬೆನ್ನಿಗೂ ಛಲೋ.”

ಅವ್ವ ನಡುಮನೆಯ ಮಾಳಿಗೆಯತ್ತ ನೋಡಿದಳು. “ಅಲ್ಲಿ ಮ್ಯಾಲಿಂದು ನನಗ ಸೇರಂಗಿಲ್ಲ.”

“ನಲವತ್ತು ವರ್ಷದ ಕಲ್ಲು ಅದು. ಬೀಳೂದಿದ್ರ ಇಷ್ಟೊತ್ತಿಗೆ ಬೀಳ್ತಿತ್ತು. ನಾ ಹೇಳ್ಲಿಕತ್ತೀನಲ್ಲ, ಏನೂ ಆಗಂಗಿಲ್ಲ.”

ಅಪ್ಪನೂ ನಾನೂ ಸೇರಿ ಮಂಚವನ್ನು ನಡುಮನೆಯ ಮಧ್ಯಕ್ಕೆ ಹಾಕಿದೆವು. ಅವ್ವ ತನ್ನ ಕೌದಿ ತಂದು ಅದರ ಮೇಲೆ ಹಾಸಿದಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮೊದಲ ಬಾರಿ ಬಾರಿಸಿದೆ. ನಾನೇ ಕಟ್ಟಿದ ಪೆಟ್ಟಿಗೆಯೊಳಗಿಂದ ಆ ದನಿ ಬಂದಾಗ ಕಾಲಡಿಯ ಫರ್ಸಿ ಅಂಗಾಲಿಗೆ ತಟ್ಟಿತು. ಎಲ್ಲ ಸ್ವರವೂ ಸ್ವಚ್ಛ, ಒಂದನ್ನು ಬಿಟ್ಟು. ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೂರನೇ ಪಟ್ಟಿಯಲ್ಲಿ, ಬೆರಳಿನಿಂದ ಒತ್ತಿ ಮೀಟಿದರೆ ಸ್ವರದ ಬೆನ್ನ ಹಿಂದೆ ಇನ್ನೊಂದು ಸದ್ದು ಬರುತ್ತಿತ್ತು. ಗುರ್ ಎಂದು, ಬಾಟಲಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ಸ್ವರ ನಿಂತ ಮೇಲೂ ಒಂದು ಕ್ಷಣ ಉಳಿದು ಆಮೇಲೆ ನಿಲ್ಲುತ್ತಿತ್ತು.

ಅಂದಿನಿಂದ ನಾನು ಆ ಸದ್ದಿನ ಬೆನ್ನು ಹತ್ತಿದೆ. ಸ್ಕ್ರೂಗಳನ್ನೆಲ್ಲ ಮತ್ತೆ ಬಿಗಿ ಮಾಡಿದೆ. ಊದಿನಕಡ್ಡಿ ಹಚ್ಚಿ ಸಂದುಸಂದಿಗೂ ಹಿಡಿದು, ಗಾಳಿ ಎಲ್ಲಾದರೂ ಸೋರಿದರೆ ಹೊಗೆ ಅಲುಗುತ್ತದೆಂದು ನೋಡಿದೆ. ಎಲ್ಲೂ ಅಲುಗಲಿಲ್ಲ.

“ನಿನ್ನ ಆ ಕಾಗದದ ಕಟ್ಟು ಅಲಗಾಡ್ಲಿಕತ್ತದ ನೋಡು,” ಎಂದ ಅಪ್ಪ, ಗೋಡೆಯ ಮೇಲಿನ ಪದವಿ ಪತ್ರ ತೋರಿಸಿ. ಅದನ್ನೂ ಇಳಿಸಿ ಹಾಸಿಗೆಯ ಮೇಲಿಟ್ಟೆ. ಗುರುಗುಟ್ಟುವುದು ನಿಲ್ಲಲಿಲ್ಲ. ಕಡೆಗೆ ಅಪ್ಪನ ಮೇಲೆ ರೇಗಿದೆ.

“ನೀ ಹಾಕೀಯಲ್ಲ ತಳದಾಗ ಆ ಫರ್ಸಿ, ಅದೇ ಒದರ್ಲಿಕತ್ತದ. ಸ್ಪೀಕರ್ ಡಬ್ಬಾದಾಗ ಯಾರಾದ್ರೂ ಕಲ್ಲು ಇಡ್ತಾರೇನು?”

ಅವನು ಡಬ್ಬಾ ಬಿಚ್ಚಿ, ತನ್ನ ಕಲ್ಲನ್ನು ತೆಗೆದು, ಅಂಗಳಕ್ಕೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟ. ಮರುದಿನ ಬಾರಿಸಿದೆ. ಮೂರನೇ ಫ್ರೆಟ್ಟು ಮೊದಲಿನಂತೆಯೇ ಗುರುಗುಟ್ಟಿತು. ಅದು ಅಪ್ಪನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರಿಂದ ನಾನೂ ಹೇಳಲಿಲ್ಲ.

ಇನ್ನೊಂದು ವಿಷಯವನ್ನೂ ನಾನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಮೊದಲ ದಿನ ಬಾರಿಸಿ ಗಿಟಾರನ್ನು ನಡುಮನೆಯಲ್ಲಿ ಇಡಲು ಹೋದಾಗ ಅವ್ವನ ಕೌದಿಯ ಮೇಲೆ ಒಂದಿಷ್ಟು ಧೂಳು ಬಿದ್ದಿತ್ತು. ಸುಣ್ಣ ಉದುರಿರಬೇಕು ಎಂದು ಝಾಡಿಸಿದೆ. ಮರುದಿನವೂ ಇತ್ತು. ಮೂರನೇ ದಿನವೂ. ಅವ್ವ ಒಲೆಯ ಮುಂದೆ ಇರುವಾಗ, ಅವಳು ನೋಡುವ ಮುಂಚೆ ಕೌದಿ ಝಾಡಿಸಿ ಮಡಚಿಡುವುದು ನನ್ನ ಬೆಳಗಿನ ಕೆಲಸವಾಯಿತು. ಒಂದು ವಾರದ ಮೇಲೆ ಒಂದು ಬೆಳಿಗ್ಗೆ ಆ ಧೂಳನ್ನು ಬೆರಳಲ್ಲಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಸುಣ್ಣ ಬೆಳ್ಳಗಿರುತ್ತದೆ. ಇದು ಬೆಳ್ಳಗಿರಲಿಲ್ಲ, ಬೂದು ಬಣ್ಣ. ಚಿಕ್ಕಂದಿನಿಂದ ಅಪ್ಪನ ಅಂಗಿಯ ಮೇಲೆ, ರೆಪ್ಪೆಯ ಮೇಲೆ, ಅವನು ಕುಡಿದಿಟ್ಟ ಚಹಾದ ಲೋಟದ ಅಂಚಿನ ಮೇಲೆ ನೋಡಿದ ಧೂಳು.

ನನಗೆ ಗೊತ್ತಾಯಿತು. ಆದರೂ ಮೇಲೆ ನೋಡಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಬಸ್ಸು ಹಿಡಿದೆ. ಬಸ್ಸಿನಲ್ಲಿ ವಾಡಿ ಬರುವವರೆಗೂ ನನಗೆ ನಾನೇ ಹೇಳಿಕೊಂಡೆ: ಹಳೆ ಮನೆ, ಧೂಳು ಬೀಳುತ್ತದೆ. ಅಂದು ಒಂಬತ್ತನೇ ತರಗತಿಗೆ ಶಬ್ದದ ಪಾಠ. ಹಲಗೆಯ ಮೇಲೆ ‘ಅನುರಣನ’ ಎಂದು ಬರೆದೆ. ಒಂದು ವಸ್ತುವಿನ ಸ್ವಂತ ಕಂಪನಕ್ಕೆ ಹೊಂದುವ ಸ್ವರ ಹತ್ತಿರದಲ್ಲಿ ನುಡಿದರೆ ಆ ವಸ್ತು ಮುಟ್ಟದೆಯೇ ಅಲುಗುತ್ತದೆ ಎಂದು ಹೇಳುತ್ತಾ ಹೇಳುತ್ತಾ ನನ್ನ ಕೈಯ ಚಾಕ್‌ಪೀಸು ನಿಂತಿತು. ಅಂದಿನಿಂದ ದಿನಾ ಸಂಜೆ ಮನೆಗೆ ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ಜನ ಸೇರಿದ್ದಾರೇನೋ ಎಂದು ಮೊದಲು ನೋಡುತ್ತಿದ್ದೆ. ಜನ ಇರುತ್ತಿರಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿರುತ್ತಿದ್ದಳು. ಅಂದಿಗೆ ಉಳಿಯಿತು ಅನ್ನಿಸುತ್ತಿತ್ತು.

ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ? ಏನೂ ಆಗಂಗಿಲ್ಲ ಎಂದು ಹೇಳಿದವನು ನಾನು. ಓದಿದವನು ತಪ್ಪಿದ ಎಂದು ಒಪ್ಪಿಕೊಳ್ಳುವುದು ಓದದವನಿಗಿಂತ ಕಷ್ಟ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಹನ್ನೊಂದನೇ ದಿನ ಭಾನುವಾರ. ಹೊರಗೆ ಮೋಡ ಕವಿದಿತ್ತು. ನಾನು ಡಬ್ಬಾಕ್ಕೆ ಕಿವಿ ಹಚ್ಚಿ ಕೂತು ಅದೇ ಸ್ವರವನ್ನು ಮೀಟುತ್ತಿದ್ದೆ. ಒಳಗಿನಿಂದ ಅವ್ವ ಕರೆದಳು.

“ಏ ತಮ್ಮಾ, ಅದೇ ಇನ್ನೊಮ್ಮೆ ಬಾರ್ಸು.”

ಮೀಟಿದೆ.

“ಇನ್ನೊಮ್ಮೆ.”

ಮೀಟಿದೆ. ಅವಳು ನಡುಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮೊರ ಇತ್ತು.

“ಒದರೂದು ನಿನ್ನ ಡಬ್ಬಾ ಅಲ್ಲ,” ಎಂದಳು. “ನಿಮ್ಮ ಮಾವನ ಕಾಲಿನ ಮ್ಯಾಲ ಬಿತ್ತಲ್ಲ ಕಲ್ಲು, ಅದೂ ಮೂರ್ ದಿನ ಹಿಂಗೇ ಅಂದಿತ್ತು. ಡ್ರಿಲ್ ಮಷಿನ್ ಹಚ್ಚಿದಾಗ ಗುರ್ ಅನ್ನೂದು, ನಿಲ್ಲಿಸಿದ್ರ ಸುಮ್ಮನಾಗೂದು. ಮಷಿನ್ ಕೆಟ್ಟದ ಅಂತ ಎಲ್ರೂ ಮಷಿನ್ನಿಗೆ ಎಣ್ಣಿ ಬಿಟ್ರು.”

ಮೊರ ಕೆಳಗಿಟ್ಟು ಒಳಗೆ ಹೋದಳು. ನಾನು ಗಿಟಾರು ಹಿಡಿದುಕೊಂಡೇ ಎದ್ದೆ. ಬಾಗಿಲಿಂದ ನೋಡಿದರೆ ಅವಳು ಮಂಚದ ಮೇಲೆ ಹತ್ತಿ ನಿಂತು, ದಿಂಬಿನ ನೇರಕ್ಕೆ ಮೇಲಿದ್ದ ಚಪ್ಪಡಿಗೆ ಅಂಗೈ ಹಚ್ಚಿದ್ದಳು.

“ಬಾರ್ಸು. ಇಲ್ಲೇ ಅದ.”

“ಅವ್ವಾ, ಕೆಳಗ ಇಳಿ.”

“ಬಾರ್ಸು ಅಂದೆ.”

“ನೀ ಮೊದಲ ಇಳಿ,” ಎಂದೆ. ಅವಳು ಇಳಿದಳು. ಅಂಗಳದಲ್ಲಿದ್ದ ಅಪ್ಪನನ್ನು ಕರೆದು ಗಿಟಾರು ಅವನ ಕೈಗೆ ಕೊಟ್ಟೆ, ಎಲ್ಲಿ ಒತ್ತಬೇಕು ಎಲ್ಲಿ ಮೀಟಬೇಕು ಎಂದು ಬೆರಳು ಹಿಡಿದು ತೋರಿಸಿದೆ. ಕಲ್ಲು ಹಿಡಿದ ಬೆರಳು, ದಪ್ಪ ತಂತಿ ಅವನಿಗೆ ಭಾರವಾಗಲಿಲ್ಲ. ನಾನು ಮಂಚ ಹತ್ತಿ ಚಪ್ಪಡಿಗೆ ಕೈ ಹಚ್ಚಿದೆ. ಅಪ್ಪ ಮೀಟಿದ. ಕಲ್ಲು ನನ್ನ ಅಂಗೈಯೊಳಗೆ ನಡುಗಿತು, ಜ್ವರ ಬಂದ ಕೂಸಿನ ಬೆನ್ನಿನ ಹಾಗೆ. ಪಕ್ಕದ ಚಪ್ಪಡಿ ಸುಮ್ಮನಿತ್ತು. ಬೂದು ಧೂಳು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

ಅಪ್ಪನಿಗೆ ಏನೂ ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿ ಗಿಟಾರು ಕೆಳಗಿಟ್ಟು ಸಣ್ಣ ಸುತ್ತಿಗೆ ತಂದ. ಅವರಿಬ್ಬರೂ ಖಣಿಯಲ್ಲಿ ಹೀಗೇ ಕೆಲಸ ಮಾಡುತ್ತಿದ್ದರಂತೆ: ಅಪ್ಪ ಕಲ್ಲು ತಟ್ಟುವುದು, ಅವ್ವ ಕೇಳುವುದು. ಗಟ್ಟಿ ಫರ್ಸಿ ತಟ್ಟಿದರೆ ಠಣ್ ಎನ್ನುತ್ತದೆ. ಒಳಗೆ ಪದರು ಬಿಟ್ಟದ್ದು ಮಡಕೆಯ ಹಾಗೆ ಬದ್ ಎನ್ನುತ್ತದೆ. ಅಪ್ಪ ಗೋಡೆಯ ಕಡೆಯಿಂದ ಶುರು ಮಾಡಿದ. ಒಂದೊಂದು ಚಪ್ಪಡಿಗೆ ಒಂದೊಂದು ಏಟು, ಮೆಲ್ಲಗೆ. ಅವ್ವ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು.

“ಛಲೋ ಅದ.”

ಠಣ್.

“ಛಲೋ ಅದ.”

ಠಣ್.

“ಅದೂ ಛಲೋ ಅದ.”

ಮಂಚದ ಮೇಲಿನದಕ್ಕೆ ಬಂದ. ನನಗೂ ಕೇಳಿಸಿತು. ಅವ್ವ ಕಣ್ಣು ತೆರೆದಳು.

“ಸಾಕು. ಇನ್ನೊಮ್ಮಿ ಬಡೀಬ್ಯಾಡ್ರಿ. ಹೊರಗ ಬರ್ರಿ.”

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಮಳೆ ಬಂದರೆ ಮಾಳಿಗೆಯ ಮಣ್ಣು ನೀರು ಕುಡಿಯುತ್ತದೆ, ಭಾರ ಹೆಚ್ಚಾಗುತ್ತದೆ. ಅಪ್ಪ ಓಣಿಯಲ್ಲಿದ್ದ ಮನೆ ಕಟ್ಟುವ ಇಬ್ಬರು ಗೌಂಡಿಗಳನ್ನು ಕರೆತಂದ. ಮಾಳಿಗೆಯ ಮೇಲೆ ತಾಡಪತ್ರಿ ಎಳೆದರು. ಕಲ್ಲಿಗೆ ಒಳಗಿನಿಂದ ಎರಡು ಬಲ್ಲಿ, ಅಂದರೆ ಕಟ್ಟಿಗೆಯ ಕಂಬ, ಕೊಟ್ಟು ನಿಲ್ಲಿಸಬೇಕಿತ್ತು. ಒಂದು ಕಂಬವನ್ನು ಹಿಡಿದವನು ನಾನು. ಅಪ್ಪ ಕೆಳಗೆ ಬೆಣೆ ಬಡಿಯುತ್ತಿದ್ದರೆ ಒಂದೊಂದು ಏಟೂ ಕಂಬದ ಮೂಲಕ ನನ್ನ ಭುಜಕ್ಕೆ ಬರುತ್ತಿತ್ತು, ಮೇಲಿನಿಂದ ಧೂಳು ಕಣ್ಣಿಗೆ ಬರುತ್ತಿತ್ತು. ಕಣ್ಣು ಒರೆಸಲು ಕೈ ಬಿಡುವ ಹಾಗಿರಲಿಲ್ಲ. ಈ ಧೂಳಿನ ಕೆಳಗೆ ಅವ್ವ ಹತ್ತು ದಿನ ಬಾಯಿ ತೆರೆದುಕೊಂಡು ನಿದ್ದೆ ಮಾಡಿದ್ದಾಳೆ ಎನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅಂದು ಎಲ್ಲರೂ ಹೊರಕೋಣೆಯಲ್ಲಿ ಡಬ್ಬಾದ ಸುತ್ತ ಮಲಗಿದೆವು. ಮರುದಿನ ಮಳೆ ಬಿಟ್ಟ ಮೇಲೆ ಗೌಂಡಿಗಳು ಮೇಲಿನಿಂದ ಮಣ್ಣು ಕೆರೆದರು. ಮಂಚವನ್ನು ಮೊದಲೇ ಹೊರಗೆ ಹಾಕಿದ್ದೆವು. ಬಲ್ಲಿ ಸಡಿಲಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಮೇಲಿನಿಂದ ಹಾರೆ ಹಾಕಿ ಎತ್ತಿದರು. ಎದ್ದು ಬಂದದ್ದು ಮೇಲಿನ ಅರ್ಧ ಮಾತ್ರ. ಕೆಳಗಿನ ಅರ್ಧ, ಹೆಬ್ಬೆರಳು ದಪ್ಪದ ಇಡೀ ಪದರು, ಒಳಗೆ ಬಿತ್ತು. ಆ ಸದ್ದಿಗೆ ಅಂಗಳದ ಕೋಳಿಗಳು ಗೋಡೆ ಹತ್ತಿದವು.

ಧೂಳು ಇಳಿದ ಮೇಲೆ ಒಳಗೆ ಹೋದೆವು. ಮಂಚದ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಇನ್ನೂ ಇತ್ತು. ಪದರು ತಲೆದಿಂಬಿನ ಕಡೆಯ ಎರಡು ಗುರುತುಗಳ ನಡುವೆ ಬಿದ್ದು ನೆಲದ ಫರ್ಸಿಯನ್ನೂ ಒಡೆದಿತ್ತು.

“ಧೂಳು ಬೀಳ್ತಿತ್ತವ್ವಾ,” ಎಂದೆ. “ದಿನಾ ಬೀಳ್ತಿತ್ತು. ನಾ ಝಾಡಿಸಿ ಸುಮ್ಮನಾಗ್ತಿದ್ದೆ.”

“ಗೊತ್ತದ. ಹುಟ್ಟಿದಾಗಿಂದ ಒಂದಿನಾ ನಿನ್ನ ಹಾಸಗಿ ನೀ ಝಾಡಿಸಿದವನಲ್ಲ. ನನ್ನ ಕೌದಿ ಮಡಚಿ ಇಡ್ತಿ ಅಂದ್ರ ನನಗ ತಿಳೀದೇನು?”

“ಮತ್ತ ಯಾಕ ಅಲ್ಲೇ ಮಲಗಿದಿ?”

ಅವಳು ಒಡೆದ ತುಂಡುಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

“ನನಗ ಕಲ್ಲಿನ ಅಂಜಿಕಿ ಮೊದಲಿಂದ ಅದ. ಅದು ನನ್ನ ಹುಚ್ಚು ಇರಬೇಕು ಅಂದ್ಕೊಂಡೆ. ಓದಿದಾಂವ ಹೇಳ್ಯಾನ ಅಂದ ಮ್ಯಾಲ ಆಗಂಗಿಲ್ಲ ಬಿಡು ಅಂತ ಮಲಗಿದೆ.”

ಅಪ್ಪನ ಅರ್ಧ ಕಿವಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯದು. ಅವನು ಒಡೆದ ನೆಲವನ್ನು ಅಳೆಯುತ್ತಿದ್ದ.

ಹೊಸ ಚಪ್ಪಡಿ ಆರಿಸಲು ಅವ್ವ ತಾನೇ ಹೋದಳು. ಕಲ್ಲಿನ ಅಡ್ಡೆಯಲ್ಲಿ ನಿಲ್ಲಿಸಿದ್ದ ಫರ್ಸಿಗಳನ್ನು ಒಂದೊಂದಾಗಿ ಅಪ್ಪನಿಂದ ತಟ್ಟಿಸಿ ಎಂಟನ್ನು ಬೇಡ ಎಂದಳು. ಅಡ್ಡೆಯವನು, “ಅವ್ವಾ, ಮಾಳಗಿಗಿ ಒಯ್ತೀಯೋ, ಮಗಗ ಹೆಣ್ಣು ನೋಡ್ಲಿಕತ್ತೀಯೋ,” ಎಂದು ಕೇಳಿದ. “ಹೆಣ್ಣಾದ್ರ ಇಷ್ಟು ನೋಡ್ತಿದ್ದಿಲ್ಲಪ್ಪಾ,” ಎಂದು ಒಂಬತ್ತನೆಯದಕ್ಕೆ ಹೂಂ ಎಂದಳು.

ಅದನ್ನು ಕೂರಿಸಿ, ಮಣ್ಣು ಬಡಿದು, ನಾಲ್ಕು ದಿನ ಒಣಗಿದ ಮೇಲೆ ಒಂದು ಬೆಳಿಗ್ಗೆ ಅವ್ವ ನಡುಮನೆಗೆ ಹೋಗಿ ಹೊಸ ಕಲ್ಲಿನ ನೇರ ಕೆಳಗೆ ನಿಂತಳು.

“ಈಗ ಬಾರ್ಸು.”

“ನೀ ಈ ಕಡಿ ಬಾ. ಆಮ್ಯಾಲ ಬಾರಿಸ್ತೀನಿ.”

“ನಾ ಬರಂಗಿಲ್ಲ. ಆರಿಸಿದಾಕಿ ನಾನು.”

ಗಿಟಾರು ತಗುಲಿ ಹಾಕಿಕೊಂಡೆ. ಮೂರನೇ ಫ್ರೆಟ್ಟಿನ ಮೇಲೆ ಬೆರಳು ಇಟ್ಟೆ, ಒತ್ತಲು ಆಗಲಿಲ್ಲ. ನಡುಬಾಗಿಲಿನಿಂದ ಅವಳ ಪಾದಗಳು ಮತ್ತು ಸೀರೆಯ ಅಂಚು ಕಾಣುತ್ತಿದ್ದವು. ನೆಲದಲ್ಲಿ ಆ ಜಾಗದ ಫರ್ಸಿಯೂ ಹೊಸದು, ಸುತ್ತಲಿನದಕ್ಕಿಂತ ಬಣ್ಣ ಗಾಢ. ಮೆಲ್ಲಗೆ, ಬೆರಳ ತುದಿಯಿಂದ ಮೀಟಿದೆ.

“ಇದು ಬಾರಿಸಿದಂಗಲ್ಲ. ದಿನಾ ಬಾರಿಸ್ತಿದ್ದಿಯಲ್ಲ, ಹಂಗ ಬಾರ್ಸು.”

ದನಿ ಏರಿಸಿ ಬಲವಾಗಿ ಮೀಟಿದೆ. ಸ್ವರ ಡಬ್ಬಾದಿಂದ ಹೊರಟು, ನೆಲ ಹಿಡಿದು, ಗೋಡೆ ಹಿಡಿದು ಹೋಯಿತು. ಅದರ ಬೆನ್ನ ಹಿಂದಿನ ಸದ್ದಿಗಾಗಿ ಕಾದೆ. ಅಡುಗೆಯ ಗೂಡಿನಲ್ಲಿ ಒಂದು ಸ್ಟೀಲಿನ ತಾಟು ಸಣ್ಣಗೆ ಝಿಣಿಗುಟ್ಟಿತು. ಬೇರೇನೂ ಇಲ್ಲ. ಮತ್ತೊಮ್ಮೆ ಮೀಟಿದೆ. ಮತ್ತೊಮ್ಮೆ. ಅವಳ ಪಾದಗಳು ಕದಲಲಿಲ್ಲ.

“ಛಲೋ ಅದ,” ಎಂದಳು ಅವ್ವ.

ಆಮೇಲೆ ಬಂದು ನನ್ನ ಡಬ್ಬಾವನ್ನು ಸುತ್ತ ನೋಡಿ, ಮೊದಲ ಸಲ ಅದರ ಮೇಲೆ ಕೈಯಾಡಿಸಿ, “ಇದನ್ನ ಸೇಡಂಕ ಎಂದು ಒಯ್ತಿ?” ಎಂದು ಕೇಳಿದಳು.

“ಯಾಕ? ಈಗ ನಡುಮನಿ ಗಟ್ಟಿ ಆತಲ್ಲ.”

“ಗಟ್ಟಿ ಆಗ್ಯದ. ನಾ ಇಲ್ಲೇ ಬಾಗಲ ಬಾಜೂಕ ಮಲಗ್ತೀನಿ.”

ಅಂದೇ ಟಂಟಂ ಕರೆದು ಡಬ್ಬಾ ಏರಿಸಿದೆವು. ಏರಿಸುವ ಮುಂಚೆ ಅಪ್ಪ ಅಂಗಳದಿಂದ ತನ್ನ ಫರ್ಸಿಯನ್ನು ತಂದು, ನನ್ನನ್ನು ಕೇಳದೆ ಮತ್ತೆ ತಳದಲ್ಲಿ ಕೂರಿಸಿದ. ನಾನು ಸ್ಕ್ರೂ ಬಿಗಿ ಮಾಡಿದೆ. ಚಿಂಚೋಳಿಯ ಮದುವೆಯಲ್ಲಿ ವೇದಿಕೆ ಹತ್ತಿ ಗಿಟಾರಿನ ಪಿನ್ನು ಚುಚ್ಚುವ ಮುಂಚೆ ಮೇಲೆ ನೋಡಿದೆ. ಬಟ್ಟೆಯ ಪೆಂಡಾಲು, ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದನ್ನು ನೋಡಿದ ಮೇಲೆಯೇ ಬೆರಳು ತಂತಿಯ ಮೇಲೆ ಹೋಯಿತು.